ಬೋರಿಂಗ್ ಕಟ್ಟೆಯ ಕೆಂಪು ನಿಶಾನಿ

ಆ ಓಣಿಯಲ್ಲಿ ಮೊದಲ ದಿನವೆಲ್ಲ ನಾನು ಹುಡುಕಿದ್ದು ಅಲುಗಾಡದ ಒಂದು ಜಾಗವನ್ನು. ರಸ್ತೆ ಎಷ್ಟು ಎತ್ತರಕ್ಕೆ ಬರಬೇಕು, ಚರಂಡಿ ಎಷ್ಟು ಆಳಕ್ಕೆ ಇಳಿಯಬೇಕು ಎಂದು ಹೇಳುವ ಮೊದಲು, ಯಾವುದರಿಂದ ಅಳೆಯುವುದು ಎಂಬುದು ತೀರ್ಮಾನವಾಗಬೇಕು. ಎತ್ತರಕ್ಕೆ ತನ್ನಷ್ಟಕ್ಕೇ ಅರ್ಥವಿಲ್ಲ. ಹುಮನಾಬಾದ್ ರೈಲ್ವೆ ಸ್ಟೇಷನ್ನಿನ ಹಳದಿ ಬೋರ್ಡಿನ ಮೇಲೆ, ಊರಿನ ಹೆಸರಿನ ಕೆಳಗೆ, ಸಮುದ್ರ ಮಟ್ಟದಿಂದ ಆ ಜಾಗ ಎಷ್ಟು ಮೇಲಿದೆ ಎಂದು ಸಣ್ಣ ಅಕ್ಷರದಲ್ಲಿ ಬರೆದಿದೆ. ಕಾಲೇಜಿನಲ್ಲಿದ್ದಾಗ ಅದನ್ನು ಓದಿದರೆ ನನಗೊಂದು ಸಮಾಧಾನವಿರುತ್ತಿತ್ತು. ನಮ್ಮ ಮನೆಯಲ್ಲಿ ಯಾರೂ ನೋಡದ ಸಮುದ್ರ ನಮ್ಮನ್ನು ಲೆಕ್ಕಕ್ಕೆ ತೆಗೆದುಕೊಂಡಿದೆ ಅನ್ನಿಸುತ್ತಿತ್ತು. ಕೆಲಸಕ್ಕೆ ಸೇರಿದ ಮೇಲೆ ತಿಳಿಯಿತು, ಒಂದು ಓಣಿಯ ರಸ್ತೆಗಾಗಿ ಸಮುದ್ರದವರೆಗೆ ಯಾರೂ ಹೋಗುವುದಿಲ್ಲ. ಹತ್ತಿರದ ಒಂದು ಗಟ್ಟಿ ಕಲ್ಲನ್ನೋ ಕಟ್ಟೆಯನ್ನೋ ಆರಿಸಿಕೊಂಡು, ಇದರ ಎತ್ತರ ನೂರು ಎಂದು ನಾವೇ ಒಪ್ಪಿಕೊಳ್ಳುತ್ತೇವೆ. ಉಳಿದದ್ದೆಲ್ಲ ಆ ನೂರಕ್ಕಿಂತ ಇಷ್ಟು ಮೇಲೆ, ಇಷ್ಟು ಕೆಳಗೆ. ನೂರೇ ಯಾಕೆಂದರೆ, ಕಳೆಯುತ್ತಾ ಹೋದರೂ ಲೆಕ್ಕ ಸೊನ್ನೆಗಿಂತ ಕೆಳಗೆ ಇಳಿಯದಿರಲಿ ಎಂದಷ್ಟೆ.

ಊರು ಘಾಟಬೋರಾಳದ ಆಚೆ. ಹೆಸರು ಬೇಡ. ನಾನು ಬಸವಕಲ್ಯಾಣದ ನಮ್ಮ ಮನೆಯಿಂದ ಬೆಳಿಗ್ಗೆ ಹೊರಟು, ರಾಜೇಶ್ವರದ ಮೇಲೆ ಹುಮನಾಬಾದಿಗೆ ಬಂದು, ಮಾಣಿಕನಗರದ ಹತ್ತಿರವಿದ್ದ ಗುತ್ತೇದಾರರ ಆಫೀಸಿನಿಂದ ಯಂತ್ರ ತೆಗೆದುಕೊಂಡು, ಅವರ ಟೆಂಪೋದಲ್ಲಿ ಊರಿಗೆ ಹೋಗುತ್ತಿದ್ದೆ. ಅಲ್ಲಿಗೆ ಮುಟ್ಟುವ ಹೊತ್ತಿಗೆ ಅರ್ಧ ದಿನದ ಶಕ್ತಿ ಖರ್ಚಾಗಿರುತ್ತಿತ್ತು. ಸಂಜೆ ಅದೇ ದಾರಿ, ಅದೇ ಧೂಳು, ಹೆಚ್ಚಾಗಿ ನಿಂತುಕೊಂಡೇ. ಸಿವಿಲ್ ಓದುವಾಗ ದೊಡ್ಡ ಸೇತುವೆಗಳ ಚಿತ್ರ ಬಿಡಿಸಿದ್ದೆ. ಈಗ ಒಂದು ಓಣಿಗೆ ಸಿಮೆಂಟ್ ರಸ್ತೆ, ಅದರ ಪಕ್ಕಕ್ಕೊಂದು ಚರಂಡಿ. ಇದನ್ನು ದೂರಾಗಿ ಹೇಳುತ್ತಿಲ್ಲ. ದಣಿವಿನ ಬಗ್ಗೆ ಹೇಳುವಾಗ ಅದು ಯಾವ ಕೆಲಸದ ದಣಿವು ಎಂಬುದನ್ನೂ ಹೇಳಬೇಕಲ್ಲ.

ನನ್ನ ಜೊತೆಗಿದ್ದವರು ಒಬ್ಬ ಗೌಂಡಿ ಮತ್ತು ಅವನ ಹೆಂಡತಿ. ಗೌಂಡಿ ಕಾಂಕ್ರೀಟ್ ಕೆಲಸದವನು. ಅವನ ಹೆಂಡತಿ ನನಗಾಗಿ ಅಳತೆಯ ಪಟ್ಟಿ ಹಿಡಿಯುತ್ತಿದ್ದಳು. ಅವಳು ಆ ಉದ್ದನೆಯ ಪಟ್ಟಿಯನ್ನು ಒಂದೊಂದು ಕಡೆ ನೆಟ್ಟಗೆ ನಿಲ್ಲಿಸಿದರೆ, ನಾನು ಮೂರು ಕಾಲಿನ ಮೇಲೆ ಕೂಡಿಸಿದ ಯಂತ್ರದೊಳಗಿಂದ ಅಂಕಿ ಓದುತ್ತಿದ್ದೆ. ಊರವರು ಆ ಯಂತ್ರಕ್ಕೆ ದುರ್ಬೀನು ಎನ್ನುತ್ತಿದ್ದರು. ಅದರಲ್ಲಿ ನೋಡಿದರೆ ಅಡ್ಡಕ್ಕೆ ಒಂದು ಗೆರೆ ಕಾಣುತ್ತದೆ. ಯಂತ್ರವನ್ನು ಯಾವ ಕಡೆ ತಿರುಗಿಸಿದರೂ ಆ ಗೆರೆ ಒಂದೇ ಮಟ್ಟದಲ್ಲಿರುತ್ತದೆ. ಪಟ್ಟಿಯ ಮೇಲೆ ಅದು ಎಲ್ಲಿ ಬೀಳುತ್ತದೋ, ಅಲ್ಲಿಂದ ಆ ಜಾಗ ಎಷ್ಟು ತಗ್ಗು, ಎಷ್ಟು ದಿಬ್ಬ ಎಂದು ತಿಳಿಯುತ್ತದೆ.

ಮೊದಲು ನಾನು ಆರಿಸಿದ್ದು ಓಣಿಯ ಮೇಲ್ತುದಿಯ ದೊಡ್ಡ ಮನೆಯ ಹೊಸ್ತಿಲನ್ನು. ಕರಿ ಕಲ್ಲಿನದು, ಅಗಲವಾದದ್ದು. ಗೌಂಡಿಯ ಹೆಂಡತಿ ಪಟ್ಟಿ ಅದರ ಮೇಲಿಟ್ಟಳೋ ಇಲ್ಲವೋ, ಒಳಗಿಂದ ಅಜ್ಜಿ ಹೊರಗೆ ಬಂದರು.

"ಏ, ಚಪ್ಪಲಿ ಬಿಟ್ಟು ಇಡಬೇ. ಹೊಸ್ತಲಾ ಅದು, ಈಗಷ್ಟ ಪೂಜಿ ಮಾಡೀನಿ."

"ಪಟ್ಟಿಗಿ ಕಾಲೇ ಇಲ್ಲಲ್ರಿ ಅಜ್ಜಿ, ಚಪ್ಪಲಿ ಎಲ್ಲಿಂದ ಬರಬೇಕು?" ಎಂದಳು ಗೌಂಡಿಯ ಹೆಂಡತಿ. ಆದರೂ ತನ್ನ ಚಪ್ಪಲಿ ಬಿಟ್ಟಳು.

ಎದುರು ಮನೆಯ ಯಜಮಾನ ಇದನ್ನೆಲ್ಲ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದವರು ಎದ್ದು ಬಂದರು. "ಮೇಡಂ, ಅವರ ಹೊಸ್ತಲದಿಂದ ನಮ್ಮ ಮನಿ ಅಳೀತೀರೇನ್ರಿ?"

"ಎಲ್ಲಾ ಮನೀನೂ ಅಳೀತೀವ್ರಿ. ಒಂದು ಕಡಿಯಿಂದ ಸುರು ಮಾಡಬೇಕಲ್ರಿ."

"ಅದೇ ಬ್ಯಾಡಂತೀನಿ. ನಾಳೆ ಊರ ತುಂಬ ಹೇಳ್ತಾರ, ಸರಕಾರದವರೇ ನಮ್ಮಿಂದ ಲೆಕ್ಕ ಹಿಡದಾರ, ನಾವೇ ದೊಡ್ಡವರು ಅಂತ."

"ಹೇಳೇ ಹೇಳ್ತೀವಿ," ಎಂದರು ಅಜ್ಜಿ. "ನಮ್ಮ ಹೊಸ್ತಲಾ ಮೊದ್ಲಿಂದನೂ ನಿಮಕಿಂತ ಮ್ಯಾಲೇ ಅದ."

"ಹೋದ ವರ್ಷ ಸಿಮೆಂಟ್ ಹಾಕಿ ಏರಿಸಿದ್ದು ಮೊದ್ಲಿಂದ ಹ್ಯಾಂಗಾತಬೇ?"

ನಗು ಬಂತು. ಆದರೆ ಆ ಓಣಿಯನ್ನು ಅರ್ಥ ಮಾಡಿಕೊಳ್ಳಲು ಆ ಜಗಳವೇ ದಾರಿಯಾಯಿತು. ಅಲ್ಲಿ ಹೊಸ್ತಿಲ ಎತ್ತರ ಮನೆಯ ಮಾನದ ವಿಷಯ. ಒಂದು ಮನೆಯವರು ಹೊಸ್ತಿಲು ಏರಿಸಿದರೆ ಪಕ್ಕದವರು ಮುಂದಿನ ಹಬ್ಬದೊಳಗೆ ಅದಕ್ಕಿಂತ ಬೆರಳಷ್ಟು ಹೆಚ್ಚು ಏರಿಸುತ್ತಿದ್ದರು. ಏರಿಸಲೇಬೇಕಾದ ಕಾರಣವೂ ಇತ್ತು. ರಸ್ತೆ ಮಾಡಿಸಲು ಬಂದವರೆಲ್ಲ ಹಳೆಯದನ್ನು ಅಗೆಯದೆ ಅದರ ಮೇಲೆಯೇ ಹೊಸ ಕಾಂಕ್ರೀಟ್ ಸುರಿದು ಹೋಗಿದ್ದರು. ರಸ್ತೆ ಏರಿತು, ಹೊಸ್ತಿಲುಗಳು ಅದರ ಬೆನ್ನು ಹತ್ತಿ ಏರಿದವು. ಏರಿಸಲಾಗದವರು ಕೆಳಗುಳಿದರು.

ಕೆಳಗುಳಿದವರಲ್ಲಿ ಎಲ್ಲರಿಗಿಂತ ಕೆಳಗೆ ಇದ್ದದ್ದು ಓಣಿಯ ಕೊನೆಯ ಮನೆ, ರಸ್ತೆ ಹಳ್ಳದ ಕಡೆ ತಿರುಗುವ ಮೂಲೆಯಲ್ಲಿ. ಕಲ್ಲು ಮಣ್ಣಿನ ಗೋಡೆ, ತಗಡಿನ ಚಾವಣಿ, ಒಳಗೆ ಬುದ್ಧನ ಒಂದು ಪಟ. ಆ ಮನೆಯಲ್ಲಿ ಕೂಲಿಗೆ ಹೋಗುವ ಒಬ್ಬ ಹೆಂಗಸು, ಅವಳ ಮಗ ಸೊಸೆ. ಆ ಹೆಂಗಸಿನ ವಯಸ್ಸು ಐವತ್ತರ ಮೇಲಿರಬಹುದು. ನಾನು ಅವಳನ್ನು ಅವ್ವಾ ಎಂದೇ ಕರೆಯುತ್ತಿದ್ದೆ. ಅವಳ ಬಾಗಿಲಿಗೆ ಬಂದಾಗ ಪಟ್ಟಿ ಇಡಲು ಜಾಗ ಹುಡುಕಬೇಕಾಯಿತು, ಹೊಸ್ತಿಲು ರಸ್ತೆಗಿಂತ ಕೆಳಗಿತ್ತು. ನೀರು ಬರದಂತೆ ಬಾಗಿಲ ಮುಂದೆ ಇಟ್ಟಿಗೆ ಮಣ್ಣಿನಿಂದ ಒಂದು ಸಣ್ಣ ಒಡ್ಡು ಕಟ್ಟಿದ್ದಳು.

"ನಾ ಈ ಮನಿಗಿ ಸೊಸಿಯಾಗಿ ಬಂದಾಗ ಮೆಟ್ಲ ಏರಿ ಒಳಗ ಬಂದೀನಿ," ಎಂದಳು. "ಈಗ ನೋಡು, ಬಾವ್ಯಾಗ ಇಳದಂಗ ಇಳೀಬೇಕು. ನಾ ಏನ್ ತಗ್ಗು ನೋಡಿ ಮನಿ ಕಟ್ಟೀನಾ? ರೋಡೇ ಮ್ಯಾಲೆದ್ದು ಹೋತು."

ನಂತರ ನನ್ನನ್ನು ಒಳಗೆ ಕರೆದು ಗೋಡೆ ತೋರಿಸಿದಳು. ಬಾಗಿಲಿಗೆ ಎದುರಾದ ಗೋಡೆ, ಬುಡದಲ್ಲಿ ಮಣ್ಣು ಕರಗಿ ಕಲ್ಲುಗಳು ಹೊರಗೆ ಕಾಣುತ್ತಿದ್ದವು. ನಡುವಿನಲ್ಲಿ ಹೊಟ್ಟೆ ಬಂದಂತೆ ಉಬ್ಬಿತ್ತು. ಪ್ರತಿ ಮಳೆಗಾಲ ನೀರು ಒಳಗೆ ಬಂದು ಆ ಗೋಡೆಯ ಕಾಲಲ್ಲಿ ನಿಲ್ಲುತ್ತಿತ್ತು. ಚಾವಣಿಯ ದೊಡ್ಡ ತೊಲೆ ಕೂತಿದ್ದು ಆ ಗೋಡೆಯ ಮೇಲೇ. ಇನ್ನೊಂದು ಮಳೆಗಾಲದ ನೀರು ನಿಂತರೆ ಏನಾಗುತ್ತದೆ ಎಂದು ಹೇಳಲು ನನ್ನ ಓದೇನೂ ಬೇಕಿರಲಿಲ್ಲ. ನೆಲ ಏರಿಸೋಣವೆಂದರೆ ತಗಡು ತಲೆಗೆ ಹತ್ತುತ್ತಿತ್ತು. ಅವಳು ಏನನ್ನೂ ಬೇಡಿಕೊಳ್ಳಲಿಲ್ಲ. ಅಂಗೈಯನ್ನು ಗೋಡೆಯ ಉಬ್ಬಿನ ಮೇಲಿಟ್ಟು, "ಇದಕ್ಕ ನೀರು ಮುಟ್ಟಬಾರ್ದು, ಅಷ್ಟೇ," ಎಂದಳು.

ನಕ್ಷೆಯಲ್ಲಿ ಇದ್ದದ್ದು ಈ ಸಲವೂ ಹಳೆಯ ರಸ್ತೆಯ ಮೇಲೆಯೇ ಹೊಸದು. ಆಫೀಸಿನಲ್ಲಿ ಗುತ್ತೇದಾರರ ಮುಂದೆ ಲೆಕ್ಕ ಇಟ್ಟೆ. ಕೆಳಗಿನ ಅರ್ಧದಲ್ಲಿ ಹಳೆಯ ಕಾಂಕ್ರೀಟ್ ಹೇಗೂ ಒಡೆದು ಹೋಗಿದೆ, ಅದನ್ನು ಅಗೆದು ತೆಗೆಯದಿದ್ದರೆ ಚರಂಡಿಗೆ ಇಳಿಜಾರೇ ಸಿಗುವುದಿಲ್ಲ, ನೀರು ಹಳ್ಳಕ್ಕೆ ಹೋಗದೆ ನಡುವೆ ನಿಲ್ಲುತ್ತದೆ ಎಂದೆ. ಮನೆಯ ವಿಷಯಕ್ಕಿಂತ ಚರಂಡಿಯ ವಿಷಯ ಅವರಿಗೆ ನಾಟಿತು. ಅಗೆಯಲು ಒಪ್ಪಿದರು. ಅಗೆದರೆ ಕೊನೆಯ ಮನೆಯ ಮುಂದೆ ಹೊಸ ರಸ್ತೆ ಹೊಸ್ತಿಲಿಗಿಂತ ಎರಡು ಇಂಚು ಕೆಳಗೆ ಬರುತ್ತಿತ್ತು. ಎರಡು ಇಂಚು ದೊಡ್ಡದಲ್ಲ. ಆದರೆ ಎಲ್ಲ ಸರಿಯಾಗಿದ್ದರೆ ಸಾಕಾಗುವಷ್ಟು. ಅಷ್ಟನ್ನು ನಾನು ಅವಳಿಗೆ ಹೇಳಿದೆ. ಹೇಳಬಾರದಿತ್ತೇನೋ. ಹೇಳಿದ ಮೇಲೆ ಅದು ಅಂಕಿಯಾಗಿ ಉಳಿಯುವುದಿಲ್ಲ.

ನೂರನ್ನು ಕೊನೆಗೆ ಬೋರಿಂಗ್ ಕಟ್ಟೆಯ ಮೇಲಿಟ್ಟೆವು. ಓಣಿಯ ನಡುವೆ ಕೈಯಿಂದ ಒತ್ತಿ ನೀರು ತೆಗೆಯುವ ಹಳೆಯ ಬೋರಿಂಗ್ ಇತ್ತು. ಅದರ ಸುತ್ತ ಸರಕಾರ ಹಾಕಿಸಿದ ಕಾಂಕ್ರೀಟ್ ಕಟ್ಟೆ. ಯಾರ ಮನೆಯದೂ ಅಲ್ಲದ್ದರಿಂದ ಯಾರ ಮಾನವೂ ಏರಲಿಲ್ಲ, ಇಳಿಯಲಿಲ್ಲ. ಕಟ್ಟೆಯ ಒಂದು ಮೂಲೆಯಲ್ಲಿ ಕೆಂಪು ಬಣ್ಣದಿಂದ ಸಣ್ಣ ಚೌಕ ಬರೆದು ಅದರೊಳಗೆ ಗುಣಾಕಾರದ ಗುರುತು ಹಾಕಿದೆ. ನೆರೆದವರಿಗೆ, ಈ ನಿಶಾನಿ ಅಳಿಸಬಾರದು, ಇಡೀ ಓಣಿಯ ಲೆಕ್ಕ ಇದರ ಮೇಲಿದೆ ಎಂದು ತಿಳಿಸಿ ಹೇಳಿದೆ.

"ಇದು ನೂರು ಅಂದ್ರ, ನೂರು ಏನ್ರಿ? ಫೂಟಾ, ಇಂಚಾ?" ಎಂದರು ಎದುರು ಮನೆಯ ಯಜಮಾನ.

"ಮೀಟರ್ರಿ. ನಾವೇ ಹಿಡಕೊಂಡದ್ದು."

"ನೀವೇ ಹಿಡಕೊಂಡದ್ದಂದ್ರ ಇನ್ನೂರು ಹಿಡೀರಿ. ನಮ್ಮ ಓಣಿಗಿ ಕಡಿಮಿ ಯಾಕ?"

ಇದಾದ ಕೆಲ ದಿನಕ್ಕೆ ಆ ಬೋರಿಂಗ್ ಪಕ್ಕದ ಮನೆಯಲ್ಲಿ ಮದುವೆ ಬಂತು. ಓಣಿಯ ಅಡ್ಡಕ್ಕೆ ಹಂದರ ಹಾಕಿದರು. ಮದುವೆ ಮನೆಯ ಮುಂದೆ ರಸ್ತೆ ಅಗೆಯುವುದು ಆಗದ ಮಾತು. ಕೆಲಸ ನಿಂತಿತು. ಗುತ್ತೇದಾರರು ನನ್ನನ್ನು ಹುಮನಾಬಾದಿನಲ್ಲಿ ಬೇರೊಂದು ಕಟ್ಟಡದ ಪಾಯದ ಕೆಲಸಕ್ಕೆ ಹಾಕಿದರು. ಮದುವೆ ಮುಗಿದದ್ದೇ ಗೌಂಡಿಗೆ ಫೋನ್ ಮಾಡಿ, ಮೇಡಂ ಬರುವವರೆಗೆ ಕಾಯಬೇಡ, ಮೇಲಿನ ಅರ್ಧ ಮುಗಿಸಿಬಿಡು ಎಂದರು. ಮೇಲಿನ ಅರ್ಧದಲ್ಲಿ ಅಗೆಯುವ ಕೆಲಸ ಹೆಚ್ಚಿರಲಿಲ್ಲ, ಕೆಂಪು ನಿಶಾನಿಗಿಂತ ಎಲ್ಲೆಲ್ಲಿ ಎಷ್ಟು ಮೇಲೆ, ಎಷ್ಟು ಕೆಳಗೆ ದಾರ ಕಟ್ಟಬೇಕೆಂದು ನಾನು ಮೊದಲೇ ಹೇಳಿಕೊಟ್ಟಿದ್ದೆ. ಅವನು ನೀರು ತುಂಬಿದ ಪೈಪಿನಿಂದ ಮಟ್ಟ ಹಿಡಿದು, ದಾರ ಕಟ್ಟಿ, ಕಾಂಕ್ರೀಟ್ ಹಾಕಿ ಮುಗಿಸಿದ. ಕೆಲಸದಲ್ಲಿ ತಪ್ಪು ಹುಡುಕುವಂತಿರಲಿಲ್ಲ.

ಪಾಯದ ಕೆಲಸದ ಆ ದಿನಗಳು ನನಗೆ ಸರಿಯಾಗಿ ನೆನಪಿಲ್ಲ. ಬಿಸಿಲು, ಕಬ್ಬಿಣದ ಸರಳು, ಸಂಜೆಯ ಬಸ್ಸು. ಒಂದು ಕಣ್ಣು ಮುಚ್ಚಿ ಒಂದರಲ್ಲಿ ನೋಡುವ ಅಭ್ಯಾಸ ಎಷ್ಟಾಗಿತ್ತೆಂದರೆ ಮನೆಯಲ್ಲಿ ಊಟಕ್ಕೆ ಕೂತಾಗಲೂ ಎಡಗಣ್ಣು ತಾನಾಗಿ ಕಿರಿದಾಗುತ್ತಿತ್ತು. "ಯಾಕ, ಕಣ್ಣಾಗ ಏನರ ಬಿತ್ತೇನು?" ಎಂದು ನನ್ನ ತಾಯಿ ಕೇಳುತ್ತಿದ್ದಳು. ಮನೆಯಲ್ಲಿ ಆಗ ನನ್ನ ಮದುವೆಯ ಬಗ್ಗೆಯೂ ಕೆಲವು ಮಾತುಕತೆ ನಡೆದಿತ್ತು. ಅದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ಸುಸ್ತಾಗಿದ್ದವರಿಗೆ ಒಂದು ಅನುಕೂಲವಿದೆ, ಅವರು ಉತ್ತರ ಕೊಡದಿದ್ದರೂ ಯಾರೂ ತಪ್ಪು ತಿಳಿಯುವುದಿಲ್ಲ.

ಕೆಳಗಿನ ಅರ್ಧಕ್ಕೆ ನಾನು ಮರಳಿದೆ. ಹಳೆಯ ಕಾಂಕ್ರೀಟ್ ಅಗೆದು ತೆಗೆದಾಗಿತ್ತು. ಬೋರಿಂಗ್ ಕಟ್ಟೆಯ ಮೇಲಿನ ಕೆಂಪು ಚೌಕ ನಾನು ಬರೆದಾಗ ಇದ್ದದ್ದಕ್ಕಿಂತ ಸ್ವಚ್ಛವಾಗಿ ಕಾಣುತ್ತಿತ್ತು. ಯಂತ್ರ ನಿಲ್ಲಿಸಿ, ಅದರ ಮೇಲೆ ಪಟ್ಟಿ ಇಡಿಸಿ ಅಂಕಿ ಓದಿದೆ. ಆಮೇಲೆ ಎಲ್ಲಕ್ಕಿಂತ ಮುಖ್ಯವಾದ ಜಾಗದಿಂದಲೇ ಶುರು ಮಾಡೋಣವೆಂದು ಕೊನೆಯ ಮನೆಯ ಹೊಸ್ತಿಲ ಮೇಲೆ ಇಡಿಸಿದೆ. ಲೆಕ್ಕ ಮಾಡಿದರೆ ಹೊಸ್ತಿಲು ಮೊದಲಿಗಿಂತ ಒಂದೂವರೆ ಇಂಚು ಕೆಳಗಿತ್ತು.

ಮತ್ತೊಮ್ಮೆ ಓದಿದೆ. ಅದೇ ಬಂತು. ಪಟ್ಟಿ ವಾಲಿದೆಯೇನೋ ಎಂದು ನೋಡಿದೆ.

"ನೆಟ್ಟಗೇ ಹಿಡದೀನ್ರಿ ಮೇಡಂ," ಎಂದಳು ಗೌಂಡಿಯ ಹೆಂಡತಿ. "ನನ್ನ ಗಂಡನ ಮ್ಯಾಲೆ ಡೌಟ್ ಪಡ್ರಿ, ನನ್ನ ಮ್ಯಾಲೆ ಬ್ಯಾಡ."

ಯಂತ್ರ ಬಿಟ್ಟು ಮನೆಯೊಳಗೆ ಹೋದೆ. ಮನೆ ಕುಸಿಯುತ್ತಿದೆ ಎಂದೇ ನನ್ನ ತಲೆಯಲ್ಲಿತ್ತು. ರಸ್ತೆ ಅಗೆದದ್ದರಿಂದ ಗೋಡೆಯ ಬುಡದ ಮಣ್ಣು ಸಡಿಲಾಯಿತೇ, ನಾವೇ ಅದಕ್ಕೆ ಕಾರಣವಾದೆವೇ ಎಂದುಕೊಂಡೆ. ಉಬ್ಬಿದ ಗೋಡೆಯ ಬುಡಕ್ಕೆ ಕೂತು ಹೊಸ ಬಿರುಕು ಇದೆಯೇ ಎಂದು ಬೆರಳಾಡಿಸಿ ನೋಡಿದೆ. ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು.

"ಏನಾತು ತಾಯಿ? ಹೇಳು. ಬೀಳಾಕತ್ತದೇನು?"

"ಇನ್ನಾ ಗೊತ್ತಿಲ್ಲವ್ವಾ. ಬಾಗಲ ಹಾಕೂವಾಗ ಏನರ ಬಿಗಿ ಹಿಡ್ಯಾಕತ್ತದೇನು ಈಚೀಚೆಗೆ?"

"ಬಾಗಲ ಮೊದ್ಲಿನಂಗೇ ಅದ. ಸೊಸಿ ಜೋರಾಗಿ ಹಾಕ್ತಾಳ, ಅದೊಂದೇ."

ಒಳಗಿಂದ ಸೊಸೆ, "ಎಲ್ಲಾದಕೂ ನಾನೇ," ಎಂದಳು.

ಹೊಸ ಬಿರುಕು ಕಾಣಲಿಲ್ಲ. ಹೊರಗೆ ಬಂದು ಪಕ್ಕದ ಮನೆಯ ಹೊಸ್ತಿಲು ಓದಿದೆ. ಅದೂ ಒಂದೂವರೆ ಇಂಚು ಕುಸಿದಿತ್ತು. ಅದರಾಚೆಯದೂ ಅಷ್ಟೇ. ಮೇಲ್ತುದಿಯ ಅಜ್ಜಿಯ ಕರಿ ಕಲ್ಲಿನ ಹೊಸ್ತಿಲೂ ಅಷ್ಟೇ ಕುಸಿದಿತ್ತು. ಒಂದು ಮನೆ ಕುಸಿಯಬಹುದು. ಇಡೀ ಓಣಿ ಒಂದೇ ಅಳತೆಗೆ, ಒಂದು ಕೂದಲೂ ಹೆಚ್ಚು ಕಡಿಮೆಯಾಗದೆ ಕುಸಿಯುವುದಿಲ್ಲ. ಮನೆಗಳು ಇದ್ದಲ್ಲೇ ಇದ್ದವು. ಮೇಲೆದ್ದದ್ದು ನನ್ನ ನೂರು.

ಬೋರಿಂಗ್ ಹತ್ತಿರ ಹೋಗಿ ಕೆಂಪು ಚೌಕದ ಅಂಚನ್ನು ಉಗುರಿನಿಂದ ಕೆರೆದೆ. ಬಣ್ಣದ ಕೆಳಗೆ ಹೊಸ ಸಿಮೆಂಟ್. ಮದುವೆ ಮನೆಯ ತಾಯಿ ಬಾಗಿಲಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದರು.

"ಅಕ್ಕಾ, ಈ ಕಟ್ಟಿಗಿ ಸಿಮೆಂಟ್ ಯಾರು ಹಚ್ಚಿದ್ರಿ?"

"ನಾವೇರಿ," ಎಂದರು ಅವರು ಹೆಮ್ಮೆಯಿಂದ. "ಮದುಮಕ್ಕಳ ಸುರಗಿ ಸ್ನಾನದ ನೀರು ತರಾಕ ಮುತ್ತೈದೇರು ಬಿಂದಗಿ ಇಡಬೇಕಲ್ರಿ. ಕಟ್ಟಿ ಎಲ್ಲಾ ಒಡದು ಹೋಗಿತ್ತು. ಒಡಕ ಕಟ್ಟಿ ಮ್ಯಾಲೆ ಲಗ್ನದ ಬಿಂದಗಿ ಹ್ಯಾಂಗ ಇಡೋದು? ಬೀಗರು ನೋಡಿದ್ರ ಏನಂದಾರು? ಅದಕ ಸಾಫ್ ಮಾಡಿಸಿ ಸಿಮೆಂಟ್ ಹಾಕಿಸಿದ್ವಿ."

"ನನ್ನ ನಿಶಾನಿ ಇತ್ತಲ್ರಿ ಇಲ್ಲಿ."

"ಅಯ್ಯ, ಅದನ್ನ ಹ್ಯಾಂಗ ಮರೀತೀವ್ರಿ! ನೀವು ಹೇಳಿದ್ರಲ್ಲ, ಅಳಸಬಾರ್ದು, ಓಣಿ ಲೆಕ್ಕ ಎಲ್ಲಾ ಇದರ ಮ್ಯಾಲೇ ಅದ ಅಂತ. ಸಿಮೆಂಟ್ ಹಾಕೂಕಿಂತ ಮೊದ್ಲ ದಾರ ಹಿಡದು ಎಲ್ಲಿ ಅದ ನೋಡಿಟ್ಟು, ಒಣಗಿದ ಮ್ಯಾಲೆ ಬರಾಬರ್ ಅದೇ ಜಾಗದಾಗ ಮತ್ತ ಬರಸೀವಿ. ಬಣ್ಣಾನೂ ಚಲೋದು ತಂದೀವಿ. ಹೆಣ್ಣಮಕ್ಕಳು ಅರಿಷಿಣ ಕುಂಕುಮ ಹಚ್ಚಾಕ ಹೋದ್ರು, ಬ್ಯಾಡ, ಇದು ಮೇಡಂದು, ಮುಟ್ಟಬ್ಯಾಡ್ರಿ ಅಂತ ನಾನೇ ಬಿಡಸೀನಿ."

ನಾನು ಕಾಪಾಡಿ ಎಂದದ್ದನ್ನು ಅವರು ಕಾಪಾಡಿದ್ದರು. ಎಡಕ್ಕಿಲ್ಲ, ಬಲಕ್ಕಿಲ್ಲ, ಚೌಕ ಅದೇ ಜಾಗದಲ್ಲಿತ್ತು. ಮೇಲೆ ಕೆಳಗೆ ಎಂಬುದು ಮಾತ್ರ ಅವರ ಮನಸ್ಸಿಗೆ ಬಂದಿರಲಿಲ್ಲ. ನಾನೂ ಅದನ್ನು ಬಿಡಿಸಿ ಹೇಳಿರಲಿಲ್ಲ, ಹೇಳಬೇಕೆಂದು ಯಾರಿಗೆ ಹೊಳೆಯುತ್ತದೆ?

ಗೌಂಡಿ ಪಕ್ಕಕ್ಕೆ ಬಂದು ನಿಂತು ಕಟ್ಟೆಯನ್ನೂ, ತಾನು ಹಾಕಿ ಮುಗಿಸಿದ ರಸ್ತೆಯನ್ನೂ ನೋಡಿದ. "ಹಂಗಾದ್ರ ನಂದು?"

"ನಿಂದೂ ಒಂದೂವರೆ ಇಂಚು ಮ್ಯಾಲೆ ಆಗ್ಯದ. ಈ ನಿಶಾನಿಯಿಂದ್ಲೇ ಹಿಡದೀಯಲ್ಲ."

"ನನ್ನ ತಪ್ಪಿಲ್ಲಲ್ರಿ."

"ಯಾರ್ದೂ ಇಲ್ಲ."

"ಯಾರ್ದೂ ಇಲ್ಲಂದ್ರ ಕೊನಿಗಿ ನನ್ನ ಮ್ಯಾಲೇ ಬರ್ತದ್ರಿ," ಎಂದು ಅವನು ಬೀಡಿ ಹಚ್ಚಿದ.

ಮೇಲಿನ ಅರ್ಧದಲ್ಲಿ ಒಂದೂವರೆ ಇಂಚಿನಿಂದ ಯಾರ ಮನೆಗೂ ನೀರು ಹೋಗುತ್ತಿರಲಿಲ್ಲ, ಅಲ್ಲಿನ ಹೊಸ್ತಿಲುಗಳು ಸಾಕಷ್ಟು ಎತ್ತರದವು. ಆದರೆ ಅದೇ ಮಟ್ಟದಲ್ಲಿ ಕೆಳಗೂ ಹೋದರೆ ಕೊನೆಯ ಮನೆಯ ಎರಡು ಇಂಚಿನಲ್ಲಿ ಅರ್ಧ ಇಂಚು ಉಳಿಯುತ್ತಿತ್ತು. ಜೋರು ಮಳೆ ಬಂದರೆ ರಸ್ತೆಯ ಮೇಲೆಯೇ ಅದಕ್ಕಿಂತ ಹೆಚ್ಚು ನೀರು ಹರಿಯುತ್ತದೆ. ನೇರ ಬಾಗಿಲೊಳಗೆ, ನೇರ ಆ ಗೋಡೆಗೆ.

ಗುತ್ತೇದಾರರಿಗೆ ಫೋನ್ ಮಾಡಿದೆ.

"ಒಂದೂವರೆ ಇಂಚಂದ್ರ ಎಷ್ಟ್ರಿ ಮೇಡಂ? ಚಾದ ಕಪ್ಪಿನಷ್ಟೂ ಇಲ್ಲ. ಹಂಗೇ ಸೀದಾ ಹೋಗ್ರಿ ಕೆಳತನಕ."

"ಕೊನೀ ಮನ್ಯಾಗ ನೀರು ಹೋಗ್ತದ್ರಿ ಸರ್."

"ಆ ಮನಿ ಹ್ಯಾಂಗೂ ಬೀಳಾಂಗೇ ಅದ."

"ಬೀಳಾಂಗ ಅದ ಅಂತೇ ಹೇಳಾಕತ್ತೀನ್ರಿ."

ಹಿನ್ನೆಲೆಯಲ್ಲಿ ಯಾರೋ ಅವರಿಗೆ ಏನೋ ಲೆಕ್ಕ ಓದಿ ಹೇಳುತ್ತಿದ್ದರು. "ಮ್ಯಾಲಿಂದು ಒಡೀರಿ ಅಂತೀರೇನು? ಅದು ಆಗೋ ಮಾತಲ್ಲ, ಮೊದ್ಲೇ ಹೇಳ್ತೀನಿ."

"ಒಡಿಯೋದು ಬ್ಯಾಡ್ರಿ. ಕೆಳಗಿನ ಅರ್ಧದಾಗ ಇಳಿಸಿಕೊಂಡು ಹೋಗ್ತೀನಿ. ಇನ್ನಷ್ಟು ಅಗೀಬೇಕು, ಮತ್ತ ಬುಡಕ ಜಲ್ಲಿ ಬೆಡ್ ಹಾಕಬೇಕು."

"ನೀವೇ ನಿಂತು ಮಾಡಸ್ರಿ. ನನಗ ಮತ್ತ ಫೋನ್ ಬರಬಾರ್ದು, ಮಳಿಗಾಲ ಬಂದು ಕುಂತದ," ಎಂದು ಇಟ್ಟರು.

ಇದನ್ನು ಗೆಲುವು ಎಂದುಕೊಳ್ಳಲು ನನಗೆ ಶಕ್ತಿ ಇರಲಿಲ್ಲ. ಆ ಒಂದೂವರೆ ಇಂಚನ್ನು ಒಂದೇ ಕಡೆ ಇಳಿಸಿದರೆ ಬೈಕಿನವರು ಬೀಳುತ್ತಾರೆ. ಉಳಿದ ಉದ್ದಕ್ಕೆಲ್ಲ ಸ್ವಲ್ಪ ಸ್ವಲ್ಪವೇ ಹಂಚಿ, ಕೊನೆಯ ಮನೆಯ ಹೊತ್ತಿಗೆ ಮೊದಲು ಹೇಳಿದ ಮಟ್ಟಕ್ಕೆ ಬಂದು ಮುಟ್ಟಬೇಕು. ಇಳಿಜಾರು ಹೆಚ್ಚಾದರೆ ನೀರಿನ ಓಟವೂ ಹೆಚ್ಚುತ್ತದೆ. ರಸ್ತೆ ತಿರುಗುವುದು ಸರಿಯಾಗಿ ಅವಳ ಬಾಗಿಲ ಮುಂದೆ. ಓಡಿ ಬಂದ ನೀರು ತಿರುವಿನಲ್ಲಿ ತಿರುಗದೆ ನೆಟ್ಟಗೆ ಹೊಸ್ತಿಲಿಗೆ ನುಗ್ಗಬಹುದು. ಅದಕ್ಕೆ ಅಲ್ಲಿ ರಸ್ತೆಯನ್ನು ಚರಂಡಿಯ ಕಡೆಗೆ ಅಡ್ಡ ವಾಲಿಸಿದೆ. ಎಷ್ಟು ವಾಲಿಸಿದರೆ ಸಾಕು ಎಂದು ಲೆಕ್ಕವೊಂದು ಹೇಳುತ್ತದೆ. ಆದರೆ ಮಳೆ ಆ ಲೆಕ್ಕ ಓದಿರುವುದಿಲ್ಲ.

ನೂರನ್ನು ಈಗ ಶಾಲೆಯ ಗೇಟಿನ ಕಲ್ಲಿನಿಂದ ತಂದೆ, ಮೊದಲನೆಯದು ಅಳಿಸಿದರೆ ಇರಲಿ ಎಂದು ಅಲ್ಲಿ ನಾನು ಮೊದಲೇ ಎರಡನೆಯ ಗುರುತು ಮಾಡಿಟ್ಟಿದ್ದೆ. ಬೋರಿಂಗ್ ಕಟ್ಟೆಯ ಕೆಂಪು ಚೌಕಕ್ಕೆ ಅಡ್ಡ ಗೆರೆ ಎಳೆದಾಗ ಮದುವೆ ಮನೆಯ ತಾಯಿಗೆ ಬೇಸರವಾಯಿತು. "ಚಲೋ ಇತ್ತಲ್ರಿ ಪಾಪ," ಎಂದರು. ಮೇಲ್ತುದಿಯ ಅಜ್ಜಿಗೆ ತಮ್ಮ ಹೊಸ್ತಿಲು ರಸ್ತೆಯಿಂದ ಮೊದಲಿನಷ್ಟು ಎತ್ತರ ಕಾಣುವುದಿಲ್ಲ ಎಂಬುದು ಅಷ್ಟರಲ್ಲಿ ಗಮನಕ್ಕೆ ಬಂದಿತ್ತು. ಎದುರಿನವರದೂ ಅಷ್ಟೇ ಕಡಿಮೆಯಾಗಿದೆ ಎಂದು ನಾನು ಅಳೆದು ತೋರಿಸಿದ ಮೇಲೆ ಸಮಾಧಾನವಾದರು.

ಕೆಳಗಿನ ಅರ್ಧ ಮುಗಿಯುವವರೆಗೆ ನಾನು ದಿನವೂ ಅಲ್ಲಿಯೇ ನಿಂತೆ. ದಾರ ಕಟ್ಟುವಾಗ ನಿಂತೆ, ದಾರ ಕಟ್ಟಿದ ಮೇಲೆ ಮತ್ತೆ ಓದಿದೆ, ಕಾಂಕ್ರೀಟ್ ಬೀಳುವಾಗ ಮತ್ತೆ ಓದಿದೆ. "ಮೇಡಂ, ಇಷ್ಟು ನೋಡಿದ್ರ ದೃಷ್ಟಿಯಾಗ್ತದ ರೋಡಿಗಿ," ಎಂದ ಗೌಂಡಿ. ಮೊಣಕಾಲು ಬಾವು ಬಂದಿತ್ತು. ಚೀಲದಲ್ಲಿಟ್ಟ ರೊಟ್ಟಿಗೂ ಸಿಮೆಂಟಿನ ವಾಸನೆ. ಸಂಜೆ ರಾಜೇಶ್ವರ ದಾಟುವಾಗ ಸೀಟು ಸಿಕ್ಕರೆ ತಲೆ ಕಿಟಕಿಗೆ ಬಡಿಯುತ್ತಿದ್ದರೂ ಎಚ್ಚರವಾಗುತ್ತಿರಲಿಲ್ಲ. ಕೊನೆಯ ಮನೆಯ ಅವ್ವ ಮಾತ್ರ ದಿನವೂ ಅದೇ ಪ್ರಶ್ನೆ ಕೇಳುತ್ತಿದ್ದಳು, "ನೀರು ಬರೋದಿಲ್ಲಲ್ಲ?" ನಾನು, "ಬರಬಾರ್ದವ್ವಾ," ಎನ್ನುತ್ತಿದ್ದೆ. ಬರುವುದಿಲ್ಲ ಎಂದು ಹೇಳುವುದನ್ನು ನಾನು ಬಿಟ್ಟಿದ್ದೆ. ಆ ವ್ಯತ್ಯಾಸ ಅವಳಿಗೆ ತಿಳಿಯದೆ ಇರಲಿಲ್ಲ.

ಚರಂಡಿಯ ಮೇಲೆ ಹಾಕುವ ಕಲ್ಲುಗಳನ್ನು ನೋಡಲು ಹೋದ ದಿನ ಮಧ್ಯಾಹ್ನವೇ ಆಕಾಶ ಕಪ್ಪಾಯಿತು. ಮುಂಗಾರಿಗೆ ಮೊದಲು ಬರುವ ಅಡ್ಡ ಮಳೆ. ಟೆಂಪೋ ಹತ್ತುವುದರೊಳಗೆ ಹಿಡಿಯಿತು. ಓಡಿ ಹೋಗಿ ಕೊನೆಯ ಮನೆಯ ಬಾಗಿಲಲ್ಲಿ ನಿಂತೆ. ಓಣಿಯಲ್ಲಿ ಅದಕ್ಕಿಂತ ಹತ್ತಿರದ ಮನೆಗಳು ಬೇರೆ ಇದ್ದವು.

ಅವ್ವ, ಸೊಸೆ, ನಾನು, ಮೂವರೂ ಬಾಗಿಲ ಚೌಕಟ್ಟಿನೊಳಗೆ ಒತ್ತಿ ನಿಂತು ಓಣಿಯ ಮೇಲ್ಗಡೆ ನೋಡುತ್ತಿದ್ದೆವು. ಬಾಗಿಲ ಮುಂದಿನ ಹಳೆಯ ಒಡ್ಡು ರಸ್ತೆ ಅಗೆದಾಗಲೇ ಹೋಗಿತ್ತು. ತಗಡಿನ ಮೇಲಿನ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ಮೊದಲು ನೀರು ಚರಂಡಿಯಲ್ಲೇ ಹೋಯಿತು. ಆಮೇಲೆ ಚರಂಡಿ ತುಂಬಿ ರಸ್ತೆಯ ಮೇಲೆ ಹರಡಿತು. ಕಸ, ಎಲೆ, ಯಾರದೋ ಪ್ಲಾಸ್ಟಿಕ್ ಕೊಡದ ಮುಚ್ಚಳ ಎಲ್ಲವನ್ನೂ ಹೊತ್ತು, ನಾನು ಲೆಕ್ಕ ಮಾಡಿದ್ದಕ್ಕಿಂತ ಜೋರಾಗಿ ಇಳಿದು ಬಂತು. ತಿರುವಿನಲ್ಲಿ ನೆಟ್ಟಗೆ ನಮ್ಮ ಕಡೆಗೇ ನುಗ್ಗಿತು. ಸೊಸೆ ಹಿಂದೆ ಸರಿದಳು. ನೀರು ಹೊಸ್ತಿಲ ಕಲ್ಲಿಗೆ ಹೊಡೆದು ಮೇಲೆ ಚಿಮ್ಮಿತು, ನಮ್ಮ ಕಾಲು ಒದ್ದೆಯಾದವು. ಕಲ್ಲಿನ ಮೇಲಂಚಿಗೆ ಬೆರಳಷ್ಟು ಕಡಿಮೆಯಿರುವಾಗ ಅದು ಅಡ್ಡಕ್ಕೆ ವಾಲಿ, ಚರಂಡಿಯ ಕಡೆ ತಿರುಗಿ, ಹಳ್ಳಕ್ಕೆ ಇಳಿಯಿತು. ಮತ್ತೆ ಬಂತು, ಮತ್ತೆ ತಿರುಗಿತು. ಆ ಬೆರಳಷ್ಟು ಜಾಗವನ್ನೇ ನೋಡುತ್ತಾ ಎಷ್ಟು ಹೊತ್ತು ನಿಂತೆವೋ. ಅದು ಒಮ್ಮೆ ಅರ್ಧ ಬೆರಳಾಯಿತು. ಆಮೇಲೆ ಮತ್ತೆ ಬೆರಳಷ್ಟಾಯಿತು.

ಮಳೆ ಸಣ್ಣದಾದ ಮೇಲೆ ಅವ್ವ ಒಳಗೆ ಹೋಗಿ ಉಬ್ಬಿದ ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಳು. ಅಂಗೈಯನ್ನು ನೆಲಕ್ಕೆ, ಗೋಡೆಗೆ, ಮತ್ತೆ ನೆಲಕ್ಕೆ ಒತ್ತಿ ನೋಡಿದಳು. ನಂತರ ಅದನ್ನು ನನ್ನ ಕಡೆ ಎತ್ತಿ ಹಿಡಿದಳು. ಅದಕ್ಕೆ ಒಣ ಮಣ್ಣು ಅಂಟಿತ್ತು.

"ಒಣಾ ಅದ," ಎಂದಳು.

ನಾನು ತಲೆಯಾಡಿಸಿದೆ. ಬಾಗಿಲಿಗೆ ಒರಗಿ ಹಾಗೇ ಕೂತುಬಿಟ್ಟೆ.

ಅವಳು ಕೈ ಸೀರೆಗೆ ಒರೆಸಿಕೊಳ್ಳುತ್ತಾ ಎದ್ದು, ಹೊರಗಿನ ಆಕಾಶವನ್ನೊಮ್ಮೆ ನೋಡಿದಳು. "ಇದು ಖಾಲಿ ಅಡ್ಡ ಮಳಿ, ತಾಯಿ. ಮಿರಗಾದ ದೊಡ್ಡ ಮಳಿ ಇನ್ನಾ ಬರೋದದ." ಆಮೇಲೆ ಸೊಸೆಗೆ, "ಏ, ಚಾಕ ಇಡು. ಈಕಿ ಬಸ್ಸು ಹೋಗಿರ್ತದ ಈಗ," ಎಂದಳು.